ಗಿಡ್ಡಮ್ಮನ ಮುಯ್ಯಿ

ಉಳಿದ ಅನ್ನವನ್ನು ಹಸಿದವರಿಗೆ ಮುಟ್ಟಿಸುವುದಕ್ಕಿಂತ ಸುಲಭವಾದ ಕೆಲಸ ಪ್ರಪಂಚದಲ್ಲಿ ಇನ್ನೊಂದಿಲ್ಲ ಎಂದು ನಾನು ಖಂಡಿತವಾಗಿ ನಂಬಿದ್ದೆ. ಒಂದು ಕಡೆ ಅನ್ನ ಇದೆ, ಇನ್ನೊಂದು ಕಡೆ ಹಸಿವು ಇದೆ. ಎರಡರ ನಡುವೆ ಬೇಕಾಗಿರುವುದು ಒಂದು ಬಕೆಟ್ಟು, ಒಂದು ಸೌಟು, ಮತ್ತು ನನ್ನಂಥ ಒಬ್ಬ ಕಾರ್ಯದರ್ಶಿನಿ! ಇಷ್ಟು ಸಣ್ಣ ವಿಷಯ ಸರ್ಕಾರಕ್ಕೆ ಯಾಕೆ ಹೊಳೆದಿಲ್ಲ ಎಂದು ನನಗೆ ಆಶ್ಚರ್ಯವಾಗುತ್ತಿತ್ತು.

ಇದು ಎಂಬತ್ತರ ದಶಕದ ಮೊದಲ ಭಾಗದ ಮಾತು. ಹಳೇಬೀಡಿನ ನಮ್ಮ ಮಹಿಳಾ ಸಮಾಜಕ್ಕೆ ನಾನು ಕಾರ್ಯದರ್ಶಿನಿ. ಸಮಾಜದ ಆಸ್ತಿ ಒಂದು ಹೊಲಿಗೆ ಯಂತ್ರ, ಒಂದು ಹಾರ್ಮೋನಿಯಂ, ನಾಲ್ಕು ಕಬ್ಬಿಣದ ಕುರ್ಚಿ. ಹೊಲಿಗೆ ಯಂತ್ರಕ್ಕೆ ಸೂಜಿ ಇರಲಿಲ್ಲ. ಹಾರ್ಮೋನಿಯಂ ನುಡಿಸಲು ಯಾರಿಗೂ ಬರುತ್ತಿರಲಿಲ್ಲ. ಕುರ್ಚಿಗಳು ಮಾತ್ರ ತಪ್ಪದೆ ಕೆಲಸ ಮಾಡುತ್ತಿದ್ದವು. ನಮ್ಮವರು ಧರಣೇಂದ್ರಯ್ಯನವರಿಗೆ ಬಸ್ ಸ್ಟಾಂಡಿನ ಹತ್ತಿರ ದಿನಸಿ ಅಂಗಡಿ. ಮನೆಯಲ್ಲಿ ನಾವಿಬ್ಬರೇ. ಅವರಿಗೆ ಮಾತು ಕಡಿಮೆ, ನನಗೆ ಕೆಲಸ ಕಡಿಮೆ. ಸಮಾಜಸೇವೆ ಹುಟ್ಟುವುದು ಇಂಥ ಮನೆಗಳಲ್ಲೇ.

ನಾವು ಜೈನರು ಹೊತ್ತು ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ಹಾಗಾಗಿ ನಮ್ಮ ಮದುವೆ ಮನೆಗಳಲ್ಲಿ ಸೂರ್ಯನೇ ಯಜಮಾನ. ಅವನು ಇಳಿದ ಮೇಲೆ ಎಷ್ಟೇ ಅಡುಗೆ ಉಳಿದಿದ್ದರೂ ಅದು ಹಿತ್ತಲಿನ ಗುಂಡಿಗೆ. ಬಸ್ತಿಹಳ್ಳಿಯ ನಮ್ಮ ನೆಂಟರ ಮದುವೆಯೊಂದರಲ್ಲಿ ಅಡುಗೆಯವನು ಒಂದು ಕೊಳಗ ಶ್ಯಾವಿಗೆ ಪಾಯಸವನ್ನು ಗುಂಡಿಗೆ ಸುರಿದು ಮೇಲೆ ಮಣ್ಣೆಳೆದುದನ್ನು ನಾನು ಕಣ್ಣಾರೆ ಕಂಡೆ. ದ್ರಾಕ್ಷಿ, ಗೋಡಂಬಿ ಸಮೇತ! ಹೊಟ್ಟೆ ಉರಿದುಹೋಯಿತು.

ಮರುದಿನವೇ ಸಭೆ ಕರೆದೆ. ಮದುವೆ ಮನೆಗಳಲ್ಲಿ ಉಳಿದ ಅಡುಗೆಯನ್ನು ಊರಿನ ವೃದ್ಧರಿಗೂ ನಿರುದ್ಯೋಗಿಗಳಿಗೂ ಸಮಾಜದ ವತಿಯಿಂದ ಹಂಚತಕ್ಕದ್ದು ಎಂದು ಸರ್ವಾನುಮತದಿಂದ ಠರಾವಾಯಿತು. ಹಾಜರಿದ್ದವರು ಮೂವರು. ಅದರಲ್ಲಿ ಒಬ್ಬರು ತೂಕಡಿಸುತ್ತಿದ್ದರು. ಅದನ್ನು ನಾನು ತಲೆದೂಗಿದ್ದು ಎಂದೇ ಬರೆದುಕೊಂಡೆ.

ಮೊದಲ ವಿತರಣೆಯ ದಿನ ಎರಡು ಬಕೆಟ್ಟು ಚಿತ್ರಾನ್ನ ಇಟ್ಟುಕೊಂಡು ಬಸ್ ಸ್ಟಾಂಡಿನ ಅರಳಿಕಟ್ಟೆಯ ಮೇಲೆ ನಿಂತೆ. ತಗಡಿನ ತುತ್ತೂರಿಯಲ್ಲಿ ನಾನೇ ಕೂಗಿದೆ. "ವಯಸ್ಸಾದವರು, ಕೆಲಸವಿಲ್ಲದವರು, ಗತಿಯಿಲ್ಲದವರು ದಯವಿಟ್ಟು ಸಾಲಾಗಿ ಬಂದು ಅನ್ನ ತೆಗೆದುಕೊಳ್ಳಬೇಕು!"

ಕಟ್ಟೆಯ ಕೆಳಗೆ ಹತ್ತು ಹದಿನೈದು ಜನ ಕೂತಿದ್ದರು. ಯಾರೂ ಅಲ್ಲಾಡಲಿಲ್ಲ. ಎಂಬತ್ತು ದಾಟಿದ ನಿಂಗಯ್ಯ ಕಂಬಳಿ ಹೊದ್ದುಕೊಂಡು ಅಲ್ಲೇ ಇದ್ದ. ನಾನು ಇಳಿದುಹೋಗಿ, "ಬಾ ಅಜ್ಜ, ಮೊದಲು ನೀನೇ ತಗೋ" ಎಂದೆ.

ಅವನು ಹಿಂದೆ ತಿರುಗಿ ನೋಡಿದ. ನಾನು ಬೇರೆ ಯಾರಿಗೋ ಹೇಳುತ್ತಿದ್ದೇನೆ ಎಂದುಕೊಂಡ. "ವಯಸ್ಸಾದೋರು ಯಾರಾರ ಸಿಕ್ಕಿದ್ರೆ ಕಳಿಸ್ತೀನಿ ಕಣವ್ವ" ಎಂದು ಗಂಭೀರವಾಗಿ ಭರವಸೆ ಕೊಟ್ಟ.

ಪಕ್ಕದಲ್ಲಿ ತಿಮ್ಮೇಗೌಡ ಇದ್ದ. ಅರಸೀಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದು, ಅದು ಬಾಗಿಲು ಹಾಕಿದ ಮೇಲೆ ಎರಡು ವರ್ಷದಿಂದ ಊರಲ್ಲೇ ಇದ್ದವನು. ಅವನನ್ನೂ ಕರೆದೆ. ಅವನು ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಂಡ.

"ನಾನು ನಿರುದ್ಯೋಗಿ ಅಲ್ಲ ಕಣಮ್ಮ. ಗಿರಣಿ ತೆಗೆಯೋಗಂಟ ರಜದಲ್ಲಿವ್ನಿ."

ಆ ದಿನ ಹಳೇಬೀಡಿನಲ್ಲಿ ವೃದ್ಧರೂ ಇಲ್ಲ, ನಿರುದ್ಯೋಗಿಗಳೂ ಇಲ್ಲ ಎಂದು ಸಾಬೀತಾಯಿತು. ಒಂದು ಬಕೆಟ್ಟು ಚಿತ್ರಾನ್ನವನ್ನು ಬೀದಿಯ ದನಗಳು ತಿಂದವು. ಇನ್ನೊಂದನ್ನು ನಮ್ಮ ಮನೆಯಲ್ಲಿ ನಾವಿಬ್ಬರು ತಿಂದೆವು. ನಮ್ಮವರು ಕೈ ತೊಳೆಯುತ್ತಾ, "ನಾಳೆ ಉಪ್ಪಿಟ್ಟು ಹಂಚ್ತೀಯೇನೇ? ನನಗೆ ಚಿತ್ರಾನ್ನಕ್ಕಿಂತ ಅದು ಇಷ್ಟ" ಎಂದರು.

ಸೋಲೊಪ್ಪುವವಳು ನಾನಲ್ಲ. ಮನೆಮನೆಗೆ ಹೋಗಿ ಹೆಸರು ಬರೆದುಕೊಳ್ಳಲು ಹೊರಟೆ. ಪಟ್ಟಿಯಲ್ಲಿ ನನಗೆ ಮೊದಲು ಬೇಕಾಗಿದ್ದ ಹೆಸರು ಗಿಡ್ಡಮ್ಮನದು.

ಗಿಡ್ಡಮ್ಮ ಸೂಲಗಿತ್ತಿ. ಹಳೇಬೀಡು, ಬಸ್ತಿಹಳ್ಳಿ, ಅತ್ತ ಮಾದಿಹಳ್ಳಿಯವರೆಗೆ ಅರ್ಧ ಜನವನ್ನು ಭೂಮಿಗೆ ಇಳಿಸಿಕೊಂಡವಳು. ಊರಿಗೆ ಆಸ್ಪತ್ರೆ ಬಂತು, ಬಿಳಿ ಸೀರೆಯ ನರ್ಸಮ್ಮ ಬಂದಳು. ಒಳ್ಳೆಯದೇ ಆಯಿತು, ಬಹಳ ಬಾಣಂತಿಯರು ಉಳಿದರು. ಆದರೆ ಗಿಡ್ಡಮ್ಮನ ಬಾಗಿಲಿಗೆ ಯಾರೂ ಓಡಿ ಬರಲಿಲ್ಲ. ಗಂಡ ಎಂದೋ ತೀರಿಕೊಂಡಿದ್ದ. ಕಣ್ಣಿಗೆ ಪೊರೆ ಬಂದಿತ್ತು. ನಮ್ಮ ಠರಾವಿನ ಪ್ರಕಾರ ವೃದ್ಧೆ ಎಂಬ ಕಲಮಿಗೂ ನಿರುದ್ಯೋಗಿ ಎಂಬ ಕಲಮಿಗೂ ಅವಳೊಬ್ಬಳೇ ಹೊಂದುತ್ತಿದ್ದಳು!

ಅವಳ ಹೆಸರು ಮೊದಲು ಬೇಕಾಗಿದ್ದಕ್ಕೆ ಇನ್ನೊಂದು ಕಾರಣವಿತ್ತು. ಹದಿನೈದು ವರ್ಷದ ಹಿಂದೆ ನನಗೆ ಹೆರಿಗೆ ನೋವು ಬಂದಾಗ ಅವಳು ಮೂರು ದಿನ ನನ್ನ ಪಕ್ಕ ಬಿಟ್ಟು ಏಳಲಿಲ್ಲ. ನಾನು ಅವಳ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಮಗು ಉಳಿಯಲಿಲ್ಲ. ನಾನು ಉಳಿದೆ. ಆಮೇಲೆ ನನಗೆ ಮಕ್ಕಳಾಗಲಿಲ್ಲ. ಆಗ ಗಿಡ್ಡಮ್ಮ ಏನೂ ತೆಗೆದುಕೊಳ್ಳದೆ ಹೊರಟಿದ್ದಳಂತೆ. ನಮ್ಮತ್ತೆ ಹಿಂದೆಯೇ ಹೋಗಿ, "ಸೊಸೇನ ಉಳಿಸಿಕೊಟ್ಟೆಯಲ್ಲ, ಅದಕ್ಕೆ" ಎಂದು ತಮ್ಮ ಹೆಸರು ಕೆತ್ತಿಸಿದ್ದ ಹಿತ್ತಾಳೆ ಚೊಂಬನ್ನು ಅವಳ ಕೈಯಲ್ಲಿಟ್ಟರು. ಇದನ್ನು ನಾನು ಯಾರಿಗೂ ಹೇಳುವವಳಲ್ಲ. ಈ ಕಥೆಗೆ ಬೇಕು ಎಂದು ಹೇಳಿದ್ದೇನೆ.

ಕೆರೆ ಏರಿಯ ಕೆಳಗೆ ಅವಳ ಗುಡಿಸಲು. ಒಳಗೆ ಹೊಕ್ಕಾಗ ಹೊತ್ತು ನೆತ್ತಿಗೇರಿತ್ತು. ಒಲೆಯೊಳಗೆ ಬೂದಿಯ ಮೇಲೆ ಬೆಕ್ಕು ಸುಖವಾಗಿ ಮಲಗಿತ್ತು.

"ಅಡುಗೆ ಆಯ್ತೇನಜ್ಜಿ?" ಎಂದೆ.

"ಆಯ್ತು ಕಣವ್ವ. ಈಗ್ತಾನೆ ಉಂಡು ಕೈ ತೊಳ್ಕಂಡೆ."

ಒಲೆಯ ಬೆಕ್ಕು ಎದ್ದು ಮೈ ಮುರಿದು ಮತ್ತೆ ಅಲ್ಲೇ ಮಲಗಿತು. ಗಿಡ್ಡಮ್ಮ ಗೋಡೆ ಹಿಡಿದುಕೊಂಡು ಹೋಗಿ ನನಗೆ ನೀರು ತಂದಳು. ಅದೇ ಹಿತ್ತಾಳೆ ಚೊಂಬು. ಆ ಗುಡಿಸಲಿನಲ್ಲಿ ಹೊಳೆಯುತ್ತಿದ್ದುದು ಅದೊಂದೇ. "ಬೆಲ್ಲ ತೀರೋಗೈತೆ, ಬರೀ ನೀರೇ ಕುಡಿಯವ್ವ" ಎಂದು ನಾಚಿಕೊಂಡಳು.

ನಾನು ಯೋಜನೆಯ ಬಗ್ಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಕರೀದೆ ಇರೋ ಮನೆ ಬಾಗ್ಲು ತುಳಿದೋಳಲ್ಲ ಕಣವ್ವ ನಾನು. ಒಳಗೆ ನೋವು ತಿಂತಾ ಕೂಗ್ತಾ ಇದ್ರೂ, ಆ ಮನೇರು ಬಂದು ಕರೆದ್ಮೇಲೇ ಎದ್ದೋಗ್ತಿದ್ದೆ. ಇನ್ನು ಅನ್ನಕ್ಕೆ ಕರೀದೆ ಬತ್ತೀನಾ?"

ನನಗೆ ತಲೆಯಲ್ಲಿ ದೀಪ ಹತ್ತಿತು. ಇಷ್ಟೇನಾ! ಇವರಿಗೆಲ್ಲ ಬೇಕಾಗಿರುವುದು ಕರೆ! ಮನೆಗೆ ಬಂದವಳೇ ನಮ್ಮವರಿಗೆ ಹೇಳಿದೆ. ಮುಂದಿನ ವಾರ ಬಸ್ತಿಹಳ್ಳಿಯ ಶೆಟ್ಟರ ಮೊಮ್ಮಗಳ ಮದುವೆ. ಕುಂಕುಮ, ಅಕ್ಷತೆ ತೆಗೆದುಕೊಂಡು ಹೋಗಿ ಪ್ರತಿಯೊಬ್ಬರನ್ನೂ ಮದುವೆಗೇ ಕರೆದುಬಿಡುತ್ತೇನೆ. ಉಳಿದದ್ದು ಎಂಬ ಮಾತೇ ಎತ್ತುವುದಿಲ್ಲ.

ನಮ್ಮವರು ತಕ್ಕಡಿ ಒರೆಸುತ್ತಿದ್ದರು. "ಕರೆದರೆ ಬರ್ತಾರೆ ಕಣೇ. ಆದರೆ ಬರಿಗೈಲಿ ಬರಲ್ಲ."

"ಅದೇನು ಹಾಗಂದರೆ?"

"ಏನಿಲ್ಲ" ಎಂದು ಅವರು ಮತ್ತೆ ತಕ್ಕಡಿ ಒರೆಸಿದರು. ಅವರು ದಿನಕ್ಕೆ ಆಡುವುದು ಹತ್ತು ಮಾತು. ಅದರಲ್ಲಿ ಎರಡನ್ನಾದರೂ ನಾನು ಕಿವಿಗೆ ಹಾಕಿಕೊಂಡಿದ್ದರೆ ನನ್ನ ಜೀವನ ಬೇರೆಯೇ ಆಗುತ್ತಿತ್ತು.

ಶೆಟ್ಟರು ತಕ್ಷಣ ಒಪ್ಪಿದರು. ಒಂದೇ ಷರತ್ತು. "ನಮ್ಮ ಮನೆಯ ಅನ್ನ ಹೊತ್ತು ಮುಳುಗಿದ ಮೇಲೆ ಯಾರ ಬಾಯಿಗೂ ಹೋಗಬಾರದು. ಆರು ಗಂಟೆಗೆ ಎಲೆ ಎತ್ತಿರಬೇಕು. ಆಮೇಲೆ ಉಳಿದದ್ದು ಗುಂಡಿಗೆ." ಆಗಲಿ ಎಂದೆ. ಬೀಗರ ಊಟ ಮೂರೂವರೆಗೆ ಮುಗಿಯುತ್ತದೆ. ಉಳಿದದ್ದು ಎಷ್ಟು ಎಂದು ಗೊತ್ತಾಗುವುದು ಆಗಲೇ. ನಾನು ನನ್ನ ಫಲಾನುಭವಿಗಳಿಗೆಲ್ಲ ಕುಂಕುಮ ಕೊಟ್ಟು, "ಮದುವೆಗೆ ತಪ್ಪದೆ ಬರಬೇಕು, ಸಾಯಂಕಾಲ ನಾಲ್ಕೂವರೆಗೆ" ಎಂದು ಹೇಳಿ ಬಂದೆ. ಬೆಳಿಗ್ಗೆ ಹತ್ತಕ್ಕೆ ಮುಹೂರ್ತವಿರುವ ಮದುವೆಗೆ ಸಾಯಂಕಾಲ ಯಾಕೆ ಬರಬೇಕು ಎಂದು ಯಾರೂ ಕೇಳಲಿಲ್ಲ. ಗಿಡ್ಡಮ್ಮ ಕುಂಕುಮ ಇಟ್ಟುಕೊಳ್ಳುವಂತಿರಲಿಲ್ಲ. ಅಕ್ಷತೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. "ನನ್ನ ಯಾರಾರ ಮದ್ವೆಗೆ ಕರೆದು ಏಸು ವರ್ಸ ಆಯ್ತವ್ವ! ಬತ್ತೀನಿ, ಬರ್ದೇ ಇರ್ತೀನಾ!"

ಮದುವೆಯ ದಿನ ಎಲ್ಲ ನಾನೆಣಿಸಿದಂತೆಯೇ ನಡೆಯಿತು. ಮೂರೂವರೆಗೆ ದಿಬ್ಬಣದವರು ಎದ್ದರು. ನಾಲ್ಕಕ್ಕೆ ಮದುಮಕ್ಕಳನ್ನು ಕೂರಿಸಿಕೊಂಡು ಬಸ್ಸು ಅರಸೀಕೆರೆಗೆ ಹೊರಟಿತು. ಅನ್ನ, ಸೌತೆಕಾಯಿ ಹುಳಿ, ಕೋಸಂಬರಿ, ಪಾಯಸ, ಎಲ್ಲ ಧಾರಾಳವಾಗಿ ಉಳಿದಿತ್ತು. ಚಪ್ಪರದಲ್ಲಿ ಇಪ್ಪತ್ತು ಎಲೆ ಹಾಕಿಸಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೆ.

ಅವರು ಬಂದರು. ಕರೆದದ್ದು ಹದಿನೆಂಟು, ಬಂದದ್ದು ಇಪ್ಪತ್ಮೂರು! ನಿಂಗಯ್ಯ ತನ್ನ ಮದುವೆಯಲ್ಲಿ ಹೊಲಿಸಿದ ಕರಿ ಕೋಟು ಹಾಕಿದ್ದ. ಅದರೊಳಗೆ ಈಗ ಇಬ್ಬರು ನಿಂಗಯ್ಯರು ಹಿಡಿಸುತ್ತಿದ್ದರು. ತಿಮ್ಮೇಗೌಡ ಹೆಂಡತಿಯ ಜೊತೆ ಬಂದಿದ್ದ. ಗಿಡ್ಡಮ್ಮ ತಲೆಗೆ ಎಣ್ಣೆ ಹಚ್ಚಿ ಬಾಚಿ, ಪೆಟ್ಟಿಗೆಯ ಮಡಿಕೆಗಳು ಇನ್ನೂ ಕಾಣುತ್ತಿದ್ದ ಸೀರೆ ಉಟ್ಟಿದ್ದಳು. ಎಲ್ಲರ ಕೈಯಲ್ಲೂ ಏನೋ ಒಂದು ಇತ್ತು. ತೆಂಗಿನಕಾಯಿ. ಎಲೆ ಅಡಿಕೆ. ನುಸಿಗುಳಿಗೆ ವಾಸನೆಯ ರವಿಕೆ ಕಣ. ಸೇರು ಹುರುಳಿ.

ಮುಯ್ಯಿ! ನಮ್ಮ ಕಡೆ ಮದುವೆಗೆ ಕರೆಸಿಕೊಂಡವರು ಮದುಮಕ್ಕಳಿಗೆ ಕೈಲಾದ ಉಡುಗೊರೆ ಕೊಡದೆ ಎಲೆಯ ಮುಂದೆ ಕೂರುವುದಿಲ್ಲ. ಹುಟ್ಟಿದಾಗಿನಿಂದ ಇದನ್ನು ನೋಡಿಕೊಂಡೇ ಬೆಳೆದವಳು ನಾನು. ಕರೆಯುವಾಗ ಮಾತ್ರ ಮರೆತಿದ್ದೆ.

ನಿಂಗಯ್ಯನ ಕೋಟಿನೊಳಗೆ ಏನೋ ಕೊಕ್ ಎಂದಿತು.

"ಅಜ್ಜಾ! ಇದು ಜೈನರ ಮದುವೆ!"

"ಗೊತ್ತೈತೆ ಬುಡವ್ವ. ತಿನ್ನಕ್ಕಲ್ಲ, ಸಾಕ್ಕೊಳಕ್ಕೆ. ಒಳ್ಳೆ ಕೋಳಿ, ಯಾರ ತಂಟೆಗೂ ಹೋಗಾಕಿಲ್ಲ" ಎಂದು ಅವನು ಅದರ ತಲೆ ಸವರಿದ. ಶೆಟ್ಟರು ಇತ್ತ ತಿರುಗುವುದರೊಳಗೆ ಕೋಳಿಯನ್ನು ಕಿತ್ತುಕೊಂಡು ಹೂವಿನ ಬುಟ್ಟಿಯ ಕೆಳಗೆ ಮುಚ್ಚಿಟ್ಟೆ.

ಗಿಡ್ಡಮ್ಮ ಸುತ್ತ ಕಣ್ಣು ಕಿರಿದು ಮಾಡಿ ನೋಡಿದಳು. "ಹೆಣ್ಣು ಗಂಡು ಎಲ್ಲವ್ವಾ?"

"ಮೊದಲು ಊಟ ಮಾಡಿ ಅಜ್ಜಿ, ಆಮೇಲೆ..."

"ಅಕ್ಷತೆ ಹಾಕ್ದೆ, ಮುಯ್ಯಿ ಮಾಡ್ದೆ ಎಲೆ ಮುಂದೆ ಕೂರೋದಾ? ನಾವೇನ್ ತಿರುಪೆಗೆ ಬಂದಿದೀವಾ?"

ಎಲ್ಲರೂ ಹೌದೌದು ಎಂದರು. ಇಪ್ಪತ್ಮೂರು ಜನವೂ ಎಲೆಗಳಿಂದ ಒಂದು ಮಾರು ದೂರದಲ್ಲಿ ಗೌರವವಾಗಿ ನಿಂತರು. ಬಿಸಿ ಹುಳಿಯ ವಾಸನೆ ಬರುತ್ತಿತ್ತು. ತಿಮ್ಮೇಗೌಡನ ಹೆಂಡತಿ ಪಾತ್ರೆಗಳ ಕಡೆ ನೋಡಿ ಕಣ್ಣು ಕೆಳಗೆ ಹಾಕಿಕೊಂಡಳು. ಹೊತ್ತು ತೆಂಗಿನ ಗರಿಗಳಿಗಿಂತ ಕೆಳಗೆ ಬಂದಿತ್ತು. ಶೆಟ್ಟರು ಆಕಾಶ ನೋಡಿ ಗಡಿಯಾರ ನೋಡಿದರು. ಅಡುಗೆಯವನು ಹಿತ್ತಲಿನಿಂದ ಕೂಗಿ, "ಅಮ್ಮಾ, ಗುಂಡಿ ತೋಡಿ ಆಗಿದೆ!" ಎಂದ.

ಗಿಡ್ಡಮ್ಮ ಚಪ್ಪರದ ಕಂಬ ಹಿಡಿದುಕೊಂಡಳು. ಅವಳು ಊಟ ಮಾಡಿ ಎಷ್ಟು ದಿನವಾಗಿತ್ತೋ ನನಗೆ ಗೊತ್ತಿರಲಿಲ್ಲ. ಬೆಕ್ಕಿಗೆ ಗೊತ್ತಿತ್ತು. ಇವತ್ತು ಇವಳು ಉಣ್ಣದೆ ಹಿಂತಿರುಗಿದರೆ ನಾನು ಈ ಊರಿನಲ್ಲಿ ಮುಖ ಎತ್ತಿಕೊಂಡು ಓಡಾಡುವುದು ಹೇಗೆ?

ಅದೇ ಹೊತ್ತಿಗೆ ನಮ್ಮವರು ಮದುವೆಯ ಅಡುಗೆಗೆಂದು ಅಂಗಡಿಯಿಂದ ಕೊಟ್ಟಿದ್ದ ತಕ್ಕಡಿಯನ್ನು ವಾಪಸು ಒಯ್ಯಲು ಎತ್ತಿಕೊಂಡು ಚಪ್ಪರದೊಳಗೆ ಕಾಲಿಟ್ಟರು. ಬನಿಯನ್ನು, ಪಂಚೆ, ಹೆಗಲ ಮೇಲೆ ಟವಲು.

ನಾನು ಅವರನ್ನು ಕಂಬದ ಹಿಂದಕ್ಕೆ ಎಳೆದೆ. "ಬನ್ನಿ, ಮಣೆಯ ಮೇಲೆ ಕೂತುಕೊಳ್ಳಿ."

"ಯಾಕೆ?"

"ಮದುಮಗ ಆಗಬೇಕು."

ಅವರು ನನ್ನ ಮುಖ ನೋಡಿದರು. ಆಮೇಲೆ ಆ ಮುದುಕರನ್ನೂ ಎಲೆಗಳನ್ನೂ ನೋಡಿದರು. "ಒಂದು ಸಲ ಆದದ್ದೇ ಸಾಲದೇನೇ?" ಎಂದು ಗೊಣಗಿ, ತಕ್ಕಡಿ ಕೆಳಗಿಟ್ಟರು.

ಹೀಗೆ ಮದುವೆಯಾದ ಹದಿನೇಳನೇ ವರ್ಷಕ್ಕೆ ನಮಗೆ ಎರಡನೇ ಸಲ ಮದುವೆಯಾಯಿತು. ಕಂಬಕ್ಕೆ ತೂಗುಹಾಕಿದ್ದ ಬಾಸಿಂಗಗಳನ್ನು ಬಿಚ್ಚಿ ಕಟ್ಟಿಕೊಂಡೆವು. ಬಾಡಿದ ಹಾರ ಹಾಕಿಕೊಂಡೆವು. ನಮ್ಮವರ ಬೋಳು ತಲೆಯ ಮೇಲೆ ಟವಲನ್ನೇ ಪೇಟದಂತೆ ಸುತ್ತಿದೆ. ಬಾಸಿಂಗದ ಮುತ್ತಿನ ಸರಗಳು ನನ್ನ ಕಣ್ಣಿಗೆ ಅಡ್ಡ ಬಂದು ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಅಡುಗೆಯವನು ಸೌಟು ಹಿಡಿದುಕೊಂಡು ಬಾಯಿ ತೆರೆದು ನಿಂತ. ಶೆಟ್ಟರು ಮಾತ್ರ ಒಳಗೆ ಹೋಗಿ ಅಕ್ಷತೆಯ ತಟ್ಟೆಯನ್ನು ತಾವೇ ತಂದು ನಮ್ಮ ಮುಂದಿಟ್ಟರು.

ಒಬ್ಬೊಬ್ಬರಾಗಿ ಬಂದರು. ತಿಮ್ಮೇಗೌಡನ ಕಣ್ಣಿಗೆ ಏನೂ ಆಗಿರಲಿಲ್ಲ. ದಿನಾ ನಮ್ಮ ಅಂಗಡಿಯಲ್ಲೇ ಉಪ್ಪು ಸೀಮೆಎಣ್ಣೆ ಕೊಳ್ಳುವವನು. ನಮ್ಮವರ ಎದುರು ನಿಂತು ನೋಡಿದ. ನಮ್ಮವರು ನೆಲ ನೋಡಿದರು. ಆಯಿತು, ಎಲ್ಲ ಮುಗಿಯಿತು ಎಂದುಕೊಂಡೆ. ತಿಮ್ಮೇಗೌಡ ಎರಡು ಕೊಬ್ಬರಿ ಗಿಟುಕನ್ನು ತಟ್ಟೆಯಲ್ಲಿಟ್ಟು, ಅಕ್ಷತೆ ಹಾಕಿ, "ನೂರು ವರ್ಸ ಸುಖವಾಗಿ ಬಾಳಿ ಸ್ವಾಮಿ" ಎಂದು ಕೈಮುಗಿದು, ಹೆಂಡತಿಯನ್ನು ಕರೆದುಕೊಂಡು ಹೋಗಿ ಎಲೆಯ ಮುಂದೆ ಕೂತ.

ಕೊನೆಗೆ ಗಿಡ್ಡಮ್ಮ ಬಂದಳು. ಮುದುಕಿಯರು ಮದುಮಗಳಿಗೆ ಹರಸುವ ಮಾತು ಎಲ್ಲರಿಗೂ ಗೊತ್ತು. ನನ್ನ ಕೈಯನ್ನು ತನ್ನೆರಡು ಕೈಗಳಲ್ಲಿ ತೆಗೆದುಕೊಂಡು, "ಮಡಿಲು..." ಎಂದು ಶುರು ಮಾಡಿದಳು. ಅಲ್ಲಿಗೇ ನಿಲ್ಲಿಸಿಬಿಟ್ಟಳು. ವಯಸ್ಸಾಗಿದೆ, ಮಾತು ಮರೆತುಹೋಯಿತು ಎಂದುಕೊಂಡೆ. ಸ್ವಲ್ಪ ಹೊತ್ತು ಕೈ ಬಿಡದೆ ಹಾಗೇ ನಿಂತಿದ್ದು, "ತಣ್ಣಗಿರು ಮಗಳೇ" ಎಂದಷ್ಟೇ ಹೇಳಿ, ಬಟ್ಟೆ ಸುತ್ತಿದ್ದ ಏನನ್ನೋ ತಟ್ಟೆಯಲ್ಲಿಟ್ಟು ಹೋದಳು.

ಆಮೇಲೆ ಅವಳು ಉಂಡಳು. ನಾನು ಬಾಸಿಂಗ ಕಿತ್ತೆಸೆದು ಓಡಿಹೋಗಿ ಬಡಿಸಿದೆ. ಅನ್ನವನ್ನು ಚೆನ್ನಾಗಿ ಮಿದ್ದು, ಸಣ್ಣ ಸಣ್ಣ ತುತ್ತು ಮಾಡಿ, ಯಾವ ಅವಸರವೂ ಇಲ್ಲದವಳಂತೆ ಉಂಡಳು. ಎರಡನೇ ಸಲ ಪಾಯಸ ಕೇಳಿ ಹಾಕಿಸಿಕೊಂಡಳು. "ಬೀಗರೂಟ ಅಂದ್ರೆ ಹಿಂಗಿರ್ಬೇಕು ಕಣವ್ವ" ಎಂದಳು. ಆರು ಗಂಟೆಗೆ ಐದು ನಿಮಿಷ ಇರುವಾಗ ಕೊನೆಯ ಎಲೆ ಎತ್ತಿಯಾಯಿತು. ಅಡುಗೆಯವನ ಗುಂಡಿ ಖಾಲಿ ಉಳಿಯಿತು!

ಆ ಸಂಭ್ರಮದಲ್ಲಿ ಮದುಮಕ್ಕಳಿಬ್ಬರಿಗೂ ಊಟವಾಗಿಲ್ಲ ಎಂಬುದು ನೆನಪಾಗುವಷ್ಟರಲ್ಲಿ ಹೊತ್ತು ಮುಳುಗಿತ್ತು. ಅನ್ನ ಹಂಚುವ ಯೋಜನೆಯ ಕಾರ್ಯದರ್ಶಿನಿ ಗಂಡನ ಸಮೇತ ಅವತ್ತು ಉಪವಾಸ ಮಲಗಿದಳು.

ಮುಯ್ಯಿ ನಮ್ಮದಲ್ಲವಲ್ಲ, ಮದುಮಕ್ಕಳದು. ಪ್ರಾಮಾಣಿಕತೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಮರುದಿನ ಬೆಳಿಗ್ಗೆಯೇ ತಟ್ಟೆಯಲ್ಲಿದ್ದುದನ್ನೆಲ್ಲ ಬುಟ್ಟಿಗೆ ಸುರಿದು, ಬಿಚ್ಚಿಯೂ ನೋಡದೆ, ಅರಸೀಕೆರೆಗೆ ಹೊರಟಿದ್ದ ಶೆಟ್ಟರ ಮನೆಯವರ ಕೈಯಲ್ಲಿ ಹುಡುಗಿಗೆ ಕಳಿಸಿಕೊಟ್ಟೆ. ಕೋಳಿಯೊಂದನ್ನು ಮಾತ್ರ ಉಳಿಸಿಕೊಂಡೆ. ಜೈನರ ಮನೆಯ ಹೊಸ ಸೊಸೆಗೆ ಮುಯ್ಯಿಯಾಗಿ ಕೋಳಿ ಹೋದರೆ ಏನಾದೀತು ಎಂಬಷ್ಟು ಬುದ್ಧಿ ನನಗೂ ಇತ್ತು. ಬೇಲೂರಿನ ತಾಲ್ಲೂಕು ಕಚೇರಿಯವರು ಯೋಜನೆಯ ವರದಿ ಕೇಳಿದ್ದರು. "ಫಲಾನುಭವಿಗಳು: ಇಪ್ಪತ್ಮೂರು" ಎಂದು ದೊಡ್ಡ ಅಕ್ಷರದಲ್ಲಿ ಬರೆದೆ. ಒಬ್ಬ ಫಲಾನುಭವಿಯ ಅಭಿಪ್ರಾಯವನ್ನೂ ಸೇರಿಸಿದರೆ ಕಳೆ ಬರುತ್ತದೆ ಎಂದು ನಾಲ್ಕು ದಿನ ಬಿಟ್ಟು ಗಿಡ್ಡಮ್ಮನ ಗುಡಿಸಲಿಗೆ ಹೋದೆ.

ಅವಳು ನೀರು ಕುಡಿಯುತ್ತಿದ್ದಳು. ತೆಂಗಿನ ಚಿಪ್ಪಿನಲ್ಲಿ.

"ಚೊಂಬು ಎಲ್ಲಜ್ಜಿ?" ಎಂದೆ.

"ಮದ್ವೆಗೆ ಕೊಟ್ನಲ್ಲವ್ವ" ಎಂದಳು, ಇದೇನು ಕೇಳುವ ಮಾತೇ ಎಂಬಂತೆ.

ನಾನು ನಿಂತ ಹಾಗೇ ಬಸ್ ಸ್ಟಾಂಡಿಗೆ ಓಡಿದೆ. ಜಾವಗಲ್, ಬಾಣಾವರ ದಾಟಿ ಅರಸೀಕೆರೆ ತಲುಪುವವರೆಗೂ ಬಸ್ಸಿನಲ್ಲಿ ನನಗೆ ಆ ಬಟ್ಟೆಯ ಗಂಟೇ ಕಣ್ಣ ಮುಂದೆ ಬರುತ್ತಿತ್ತು. ಹುಣಿಸೆಹಣ್ಣು ಹಾಕಿ ಉಜ್ಜಿ ಬೆಳಗಿದ್ದಿರಬೇಕು. ಕಣ್ಣು ಕಾಣದವಳು ಎಷ್ಟು ಹೊತ್ತು ಉಜ್ಜಿದ್ದಳೋ.

ಹೊಸ ಮದುಮಗಳು ಬಾಗಿಲು ತೆಗೆದಳು. "ನೀವು ನಮ್ಮ ಮದುವೆಗೆ ಬಂದಿದ್ದಿರಾ?" ಎಂದು ಕೇಳಿದಳು. ನಿನ್ನ ಜಾಗದಲ್ಲೇ ಕೂತಿದ್ದೆ ತಾಯಿ ಎನ್ನಲು ಆಗಲಿಲ್ಲ. ಚೊಂಬಿನ ವಿಷಯ ಹೇಳಿದೆ. ಅವಳು ಹಿತ್ತಲಿಗೆ ಕರೆದುಕೊಂಡು ಹೋದಳು. ಹೊರಗಿನಿಂದ ಬಂದವರು ಕಾಲು ತೊಳೆದುಕೊಳ್ಳಲು ಬಚ್ಚಲ ಕಲ್ಲಿನ ಪಕ್ಕದಲ್ಲಿ ಇಟ್ಟಿದ್ದರು. ಎತ್ತಿ ನೋಡಿದೆ. ಕಂಠದ ಸುತ್ತ ನಮ್ಮತ್ತೆಯ ಹೆಸರು, ಚಂದ್ರಮತಮ್ಮ. ನಾನು ಅಲ್ಲೇ ಅತ್ತುಬಿಟ್ಟೆ. ಬಸ್ಸಿಳಿದು ಕೊಂಡಿದ್ದ ಹೊಸ ಸ್ಟೀಲಿನ ಡಬ್ಬಿಯನ್ನು ಹುಡುಗಿಯ ಕೈಗೆ ಕೊಟ್ಟು ಚೊಂಬನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಬಿದ್ದೆ. ಹಿಂದಿನಿಂದ ಅವಳ ಅತ್ತೆ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. "ಕೊಟ್ಟ ಮುಯ್ಯಿ ವಾಪಸು ಕೇಳೋಕೆ ಬಸ್ಸು ಹತ್ತಿ ಬಂದವರನ್ನ ಇವತ್ತೇ ನೋಡಿದ್ದು ಕಣ್ರೀ!"

ಮರುದಿನ ಬೆಳಿಗ್ಗೆ ಗಿಡ್ಡಮ್ಮನ ಮುಂದೆ ಚೊಂಬು ಇಟ್ಟೆ. ಅವಳು ಬೆರಳಿನಿಂದ ಮುಟ್ಟಿ ನೋಡಿದಳು. ಗುರುತು ಸಿಕ್ಕಿತು. ಮೆಲ್ಲಗೆ ನನ್ನ ಕಡೆಗೆ ತಳ್ಳಿದಳು.

"ಬ್ಯಾಡ ಕಣವ್ವ."

"ಅಜ್ಜಿ, ತಪ್ಪು ನನ್ನದು. ಅವತ್ತು ಅಲ್ಲಿ ಮದುಮಕ್ಕಳೇ ಇರಲಿಲ್ಲ. ನಾನು, ನಮ್ಮವರು..."

"ಗೊತ್ತು."

ಅವಳು ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡಳು.

"ಕಣ್ಣು ಮಂಜಾಗೈತೆ, ಕೈ ಮಂಜಾಗಿಲ್ಲ. ಮೂರು ದಿನ ಹಿಡ್ಕಂಡಿದ್ದ ಕೈ, ಮರೀತದಾ? ಮುಟ್ಟುತ್ಲೇ ಗೊತ್ತಾಯ್ತು ನೀನೇ ಅಂತ. ಮಡಿಲು ತುಂಬ್ಲಿ ಅನ್ನಕ್ಕೆ ಬಾಯಿ ಬರ್ಲಿಲ್ಲ ಕಣವ್ವ ನಂಗೆ."

"ಗೊತ್ತಿದ್ದೂ ಚೊಂಬು ಯಾಕೆ ಕೊಟ್ಟೆ ಅಜ್ಜಿ?"

"ಹಸಿವಾಗಿತ್ತು ಕಣವ್ವ" ಎಂದಳು. ಆ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. "ಸುಮ್ನೆ ಹೆಂಗೆ ಉಣ್ಲಿ? ಈಗ ಇದ್ನ ವಾಪಸ್ ಇಸ್ಕಂಡ್ರೆ ಅವತ್ತು ಉಂಡಿದ್ದು ಏನಾಯ್ತದೆ, ನೀನೇ ಹೇಳು."

ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಅರಳಿಕಟ್ಟೆಯ ಮೇಲೆ ನಿಂತು ತುತ್ತೂರಿಯಲ್ಲಿ ಗತಿಯಿಲ್ಲದವರು ಬನ್ನಿ ಎಂದು ಊರಿಗೆಲ್ಲ ಕೂಗಿ ಹೇಳಿದವಳು ನಾನೇ ತಾನೆ? ಚೊಂಬನ್ನು ಎತ್ತಿಕೊಂಡೆ.

ಅಂದಿನಿಂದ ಪ್ರತಿ ಶುಕ್ರವಾರ ಅವಳನ್ನು ಮನೆಗೆ ಊಟಕ್ಕೆ ಕರೆದೆ. ಅಕ್ಷತೆ ಹಿಡಿದುಕೊಂಡು ಹೋಗಿಯೇ ಕರೆಯುತ್ತಿದ್ದೆ. ಒಂದೊಂದು ವಾರಕ್ಕೆ ಒಂದೊಂದು ನೆಪ. ವ್ರತ, ನಮ್ಮತ್ತೆಯ ನೆನಪಿನ ದಿನ, ನಮ್ಮವರ ಹುಟ್ಟಿದಹಬ್ಬ. ನಮ್ಮವರು ಆ ವರ್ಷ ನಾಲ್ಕು ಸಲ ಹುಟ್ಟಿದರು! ಒಮ್ಮೆಯೂ ಅವರು ಬೇಸರಿಸಲಿಲ್ಲ. ಗಿಡ್ಡಮ್ಮ ಒಮ್ಮೆಯೂ ಬರಿಗೈಲಿ ಬರಲಿಲ್ಲ. ಕೆರೆ ಏರಿಯ ಮೇಲೆ ಕೈಯಾಡಿಸಿ ಕಿತ್ತ ಒಂದು ಹಿಡಿ ಹೊನಗೊನೆ ಸೊಪ್ಪು, ನಾಲ್ಕು ಚೆಂಡು ಹೂವು, ಏನೂ ಇಲ್ಲದ ದಿನ ಒಲೆಗೆ ಒಂದು ಕಟ್ಟು ಪುಳ್ಳೆ. ಅದನ್ನು ಹೊಸ್ತಿಲ ಒಳಗಿಟ್ಟೇ ಎಲೆಯ ಮುಂದೆ ಕೂರುತ್ತಿದ್ದಳು. ವಾರದ ಉಳಿದ ಆರು ದಿನ ಏನು ಉಣ್ಣುತ್ತಿದ್ದಳು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ದಿನಾ ಕರೆಯಬಹುದಾಗಿತ್ತು. ಇಷ್ಟು ಸಣ್ಣ ವಿಷಯ ನನಗೆ ಹೊಳೆದದ್ದು ತಡವಾಗಿ.

ಆಷಾಢದ ಒಂದು ಶುಕ್ರವಾರ ಕರೆಯಲು ಹೋದಾಗ ಬೆಕ್ಕು ಒಲೆಯಲ್ಲಿರಲಿಲ್ಲ. ಅವಳ ಕಾಲಿನ ಹತ್ತಿರ ಮುದುರಿ ಕೂತಿತ್ತು. ಗಿಡ್ಡಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೈ ಹಿಡಿದೆ. ತಣ್ಣಗಿತ್ತು. ನಾನು ಹೋಗುವುದರೊಳಗೆ ಬೇರೆ ಯಾರೋ ಬಂದು ಕರೆದಿದ್ದರು, ಅವಳು ಎದ್ದು ಹೋಗಿದ್ದಳು. ತಲೆಯ ಹತ್ತಿರ ಬಾಳೆನಾರಿನಲ್ಲಿ ಕಟ್ಟಿದ್ದ ಹೊನಗೊನೆ ಸೊಪ್ಪು ಇತ್ತು. ನಮ್ಮ ಮನೆಗೆ ತರಲು ಕಿತ್ತಿಟ್ಟಿದ್ದು.

ನಿಂಗಯ್ಯನ ಕೋಳಿ ನಮ್ಮ ಹಿತ್ತಲಿನಲ್ಲಿ ಬಹಳ ವರ್ಷ ಬದುಕಿತ್ತು. ಅವನು ಹೇಳಿದಂತೆ ಯಾರ ತಂಟೆಗೂ ಹೋಗಲಿಲ್ಲ. ಚೊಂಬು ಈಗಲೂ ಇದೆ. ನಮ್ಮವರೂ ನಾನೂ ಅದರಲ್ಲೇ ನೀರು ಕುಡಿಯುತ್ತೇವೆ.

ಆ ವರದಿ ಮಾತ್ರ ಬೇಲೂರಿಗೆ ಹೋಗಲಿಲ್ಲ. ಒಂದು ದಿನ ಕೂತು "ಇಪ್ಪತ್ಮೂರು" ಎಂಬುದನ್ನು ಹೊಡೆದುಹಾಕಿದೆ. ಅವರೆಲ್ಲ ಕೊಟ್ಟು ಉಂಡವರು. ಏನೂ ಕೊಡದೆ, ಕರೆಯದೆ ಎಲ್ಲರ ಮನೆ ಬಾಗಿಲು ತುಳಿದು, ಕೋಳಿ, ಚೊಂಬು, ಆಶೀರ್ವಾದ ಎಲ್ಲವನ್ನೂ ಪುಕ್ಕಟೆ ಬಾಚಿಕೊಂಡವಳು ಇಡೀ ಯೋಜನೆಯಲ್ಲಿ ಒಬ್ಬಳೇ ಇದ್ದಳು. ತಿದ್ದಿ ಬರೆದೆ. ಫಲಾನುಭವಿಗಳು: ಒಬ್ಬರು. ವಯಸ್ಸು: ಮೂವತ್ತೊಂಬತ್ತು. ಉದ್ಯೋಗ: ಕಾರ್ಯದರ್ಶಿನಿ, ಅಂದರೆ ಏನೂ ಇಲ್ಲ.